ಕಿಂಗ್ಸ್ ಹೀತಿನ ಸಾಹೇಬರು ದಾರಿ ತಪ್ಪಿದ್ದು

ಬರ್ಮಿಂಗ್‌ಹ್ಯಾಮ್ ನಗರವನ್ನು ನಾನು ಈವರೆಗೂ ಕಂಡವನಲ್ಲ. ಆದರೂ ಅಲ್ಲಿನ ಕಿಂಗ್ಸ್ ಹೀತ್ ಎಂಬ ಬಡಾವಣೆಯಲ್ಲಿ ನನ್ನನ್ನು ಬಿಟ್ಟರೆ, ಯಾರನ್ನೂ ಕೇಳದೆ ಹೋಗಿ ಮೂವತ್ತೆಂಟನೇ ನಂಬರಿನ ಮನೆಯ ಗಂಟೆ ಒತ್ತಬಲ್ಲೆ. ಇದು ಜಂಬವಲ್ಲ, ಕೇಳಿ ಕೇಳಿ ಬಂದ ವಿದ್ಯೆ. ತೊಂಬತ್ತರ ದಶಕದಲ್ಲಿ ನಾನು ದೋಹಾದ ಒಂದು ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ಆ ಮೂವತ್ತೆಂಟನೇ ನಂಬರಿನ ಯಜಮಾನರಾದ ಬಾರ್ಟನ್ ಸಾಹೇಬರು ನನ್ನ ಮೇಲಧಿಕಾರಿ. ದಿನಕ್ಕೆ ಎರಡು ಸಲ ಚಹಾ. ಎರಡು ಸಲವೂ ಕಿಂಗ್ಸ್ ಹೀತ್.

ಅಲ್ಲಿ ಮನೆಗಳು ಜೋಡಿ ಜೋಡಿಯಾಗಿ, ನಡುವಿನ ಒಂದೇ ಗೋಡೆ ಹಂಚಿಕೊಂಡು ನಿಂತಿವೆಯಂತೆ. ಎಲ್ಲಕ್ಕೂ ಕೆಂಪು ಇಟ್ಟಿಗೆ, ಮುಂದಕ್ಕೆ ಚಾಚಿದ ಕಿಟಕಿ, ಎದೆಮಟ್ಟದ ಬೇಲಿಗಿಡ. ಬೀದಿಯ ಒಂದು ಬದಿಗೆ ಸಮಸಂಖ್ಯೆ, ಇನ್ನೊಂದು ಬದಿಗೆ ಬೆಸಸಂಖ್ಯೆ. ಹಾಲಿನವನಾಗಲಿ ಟಪಾಲಿನವನಾಗಲಿ ಮನೆ ತಪ್ಪುವ ಮಾತೇ ಇಲ್ಲ. ಇದನ್ನು ಹೇಳುವಾಗ ಸಾಹೇಬರ ಮುಖದಲ್ಲಿ ಮಗಳಿಗೆ ರ‍್ಯಾಂಕ್ ಬಂದ ತಂದೆಯ ಕಳೆ ಇರುತ್ತಿತ್ತು.

ನಾನಿದ್ದದ್ದು ದೋಹಾದ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ಕಡೆ. ಅಲ್ಲೂ ಮನೆಗಳಿಗೆ ನಂಬರು ಇದ್ದಿರಬಹುದು, ನನಗಂತೂ ಗೊತ್ತಿರಲಿಲ್ಲ. ಕಾಗದಗಳು ಆಫೀಸಿನ ಪೋಸ್ಟ್ ಬಾಕ್ಸಿಗೆ ಬರುತ್ತಿದ್ದವು, ಮನುಷ್ಯರು ಗುರುತು ಹಿಡಿದು ಬರುತ್ತಿದ್ದರು. ಇದೇನು ಕೀಳು ಪದ್ಧತಿಯಲ್ಲ. ನಮ್ಮ ಹಳೆಯ ಶಾಸನಗಳನ್ನು ನೋಡಿ, ದಾನ ಕೊಟ್ಟ ಭೂಮಿಗೆ ಮೂಡಲು ಹುಣಸೆಮರ, ತೆಂಕಲು ಹುತ್ತ ಎಂದೇ ಎಲ್ಲೆ ಹೇಳುತ್ತಾರೆ. ಹುತ್ತ ಎದ್ದು ಪಕ್ಕದ ಹೊಲಕ್ಕೆ ನಡೆದುಹೋಯಿತು ಎಂಬ ತಕರಾರನ್ನು ನಾನು ಎಲ್ಲೂ ಓದಿಲ್ಲ.

ಹೀಗಿರುವಾಗ ನನ್ನ ತಂಗಿಯ ಮದುವೆ ಗೊತ್ತಾಯಿತು. ಇರುವವಳು ಒಬ್ಬಳೇ ತಂಗಿ. ಮೂರು ವಾರ ರಜೆ ಕೇಳಿದೆ. “ಡ್ರಾಯಿಂಗ್ ಎಲ್ಲ ಸಬ್ಮಿಟ್ ಆಗಲಿ, ಆಮೇಲೆ ನೋಡೋಣ” ಎಂದರು ಸಾಹೇಬರು. ಅವರ ಆಮೇಲೆ ಬರುವಷ್ಟರಲ್ಲಿ ತಂಗಿಯ ಸೀಮಂತವೇ ಬಂದೀತು! ನನ್ನ ಹೆಂಡತಿ ಸುಮಾ ಉಪಾಯ ಹೇಳಿದಳು: “ಊಟಕ್ಕೆ ಕರೀರಿ. ಹೊಟ್ಟೆ ತುಂಬಿದೋರ ಬಾಯಲ್ಲಿ ಇಲ್ಲ ಅನ್ನೋ ಮಾತು ಬರಲ್ಲ.”

ಗುರುವಾರ ಸಂಜೆ ಏಳಕ್ಕೆ ಕರೆದೆ. ವೃತ್ತಿಗೆ ತಕ್ಕಂತೆ ದಾರಿಯ ನಕ್ಷೆಯನ್ನೂ ಅಳತೆಗೆ ಸರಿಯಾಗಿ ಬರೆದುಕೊಟ್ಟೆ. ನಮ್ಮ ಓಣಿಯ ಬಾಯಲ್ಲಿ ನಾಲ್ಕು ವರ್ಷದಿಂದ ಟಯರಿನ ಗಾಳಿ ಹೋಗಿ ಕೂತಿದ್ದ ಬಿಳಿ ಪಿಕಪ್ಪೊಂದಿತ್ತು. ಅಲ್ಲಿ ತಿರುಗಿ, ಎಡಕ್ಕೆ ಮೂರನೇ ನೀಲಿ ಗೇಟು. ಆ ಗುರುವಾರ ಮಧ್ಯಾಹ್ನ ಪಿಕಪ್ಪಿನ ಒಡೆಯನಿಗೆ ಏನು ಹೊಳೆಯಿತೋ, ಅದನ್ನು ಎಳೆಸಿಕೊಂಡು ಹೋಗಿ ಹಿಂದಿನ ಓಣಿಯ ಬಾಯಲ್ಲಿ ನಿಲ್ಲಿಸಿಬಿಟ್ಟ. ನನಗದು ಗೊತ್ತಾಗಲಿಲ್ಲ.

ಏಳಾಯಿತು, ಏಳೂವರೆಯಾಯಿತು. ಸುಮಾ ಬಿಸಿಬೇಳೆಬಾತನ್ನು ಎರಡು ಸಲ ಬಿಸಿ ಮಾಡಿದಳು. ತಂಗಿಗೆ ಧಾರೆಯೆರೆಯುವ ಹೊತ್ತಿನಲ್ಲಿ ನಾನಿಲ್ಲಿ ಯಾರದೋ ಒಳಚರಂಡಿಯ ಡ್ರಾಯಿಂಗ್ ತಿದ್ದುತ್ತಿರುತ್ತೇನಲ್ಲ ಎಂದು ನನಗೆ ಅಳುವೇ ಬಂತು.

ಎಂಟೂಕಾಲಿಗೆ ಬಾಗಿಲ ಗಂಟೆಯ ಸದ್ದಾಯಿತು. ಸಾಹೇಬರು ಮುಖ ಕೆಂಪು ಮಾಡಿಕೊಂಡು ನಿಂತಿದ್ದರು. ಜೊತೆಯಲ್ಲಿ ಪಂಚೆಯುಟ್ಟ ಅಪರಿಚಿತರೊಬ್ಬರು. “ನಮಸ್ಕಾರ ಸಾರ್. ನಾನು ಶಿವಣ್ಣ, ಹಾಸನದ ಕಡೆಯೋನು, ಹಿಂದಿನ ಓಣೀಲಿದೀನಿ. ನಿಮ್ಮ ಸಾಹೇಬ್ರು ನಮ್ಮನೇಲಿ ಊಟ ಮಾಡ್ಬಿಟ್ರು, ಬೇಜಾರ್ ಮಾಡ್ಕೋಬೇಡಿ.”

ನಡೆದದ್ದಿಷ್ಟು. ಸಾಹೇಬರು ಪಿಕಪ್ ನೋಡಿ ಹಿಂದಿನ ಓಣಿಗೆ ತಿರುಗಿ, ಅಲ್ಲಿನ ಮೂರನೇ ನೀಲಿ ಗೇಟಿನ ಮನೆಗೆ ಹೋಗಿದ್ದಾರೆ. ಊಟದ ಹೊತ್ತಿಗೆ ಬಂದವರನ್ನು ಯಾರು, ಏನು ಎಂದು ಬಾಗಿಲಲ್ಲೇ ಕೇಳುವುದು ನಮ್ಮವರ ಪದ್ಧತಿಯಲ್ಲ. ಶಿವಣ್ಣ ತಮ್ಮ ಕಂಪನಿಗೆ ಬಂದ ಹೊಸ ಇಂಜಿನಿಯರ್ ಇರಬೇಕೆಂದುಕೊಂಡು ಕೂರಿಸಿದ್ದಾರೆ. ಶಿವಣ್ಣ ನನ್ನ ಅಣ್ಣನೆಂದು ಸಾಹೇಬರು ತಿಳಿದಿದ್ದಾರೆ. ಕೂತ ಮೇಲೆ ಪ್ರಶ್ನೆ ಕೇಳುವುದು ಕಿಂಗ್ಸ್ ಹೀತಿನ ಮರ್ಯಾದೆಯಲ್ಲ. “ಮೂರ್ತಿ ಯಾವಾಗ ಬರುತ್ತಾನೆ?” ಎಂದು ನನ್ನ ಹೆಸರು ಹಿಡಿದು ಅವರು ಬಾಯಿಬಿಟ್ಟದ್ದು ಮೊಸರನ್ನ ಮುಗಿದ ಮೇಲೆ! ಆಗ ಶಿವಣ್ಣ ನಕ್ಷೆ ನೋಡಿ, ಪಿಕಪ್ ಮೊದಲು ನಿಂತಿದ್ದ ಓಣಿ ಇದೆಂದು ಗುರುತಿಸಿ ಕರೆತಂದಿದ್ದಾರೆ.

“ಅಯ್ಯೋ ಶಿವನೇ, ಒಂದು ತುತ್ತಾದರೂ ತಗೊಳ್ಳಲಿ” ಎಂದು ಸುಮಾ ತಟ್ಟೆ ಹಾಕಿಯೇಬಿಟ್ಟಳು. ಸಾಹೇಬರು ಬೆಲ್ಟು ಸಡಿಲಿಸಿಕೊಂಡು ಎರಡನೇ ಊಟಕ್ಕೆ ಕೂತರು. ಶಿವಣ್ಣನೂ ಕೂತರು.

“ನೀವಿಬ್ಬರೂ ಎಷ್ಟು ವರ್ಷದಿಂದ ನೆರೆಹೊರೆ?” ಎಂದು ಸಾಹೇಬರು ಕೇಳಿದರು.

ನಾನು ಶಿವಣ್ಣನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಾಲ್ಕು ವರ್ಷ. ಅವರ ಮನೆಯ ಒಗ್ಗರಣೆಯ ವಾಸನೆ ನಮ್ಮ ಅಡುಗೆಮನೆಗೆ ಬರುತ್ತಿತ್ತು; ಯಾರೋ ಮಲಯಾಳಿಗಳಿರಬೇಕು ಎಂದುಕೊಂಡು ಸುಮ್ಮನಿದ್ದೆವು. ನನಗೆ ನಾಚಿಕೆಯಾಯಿತು, ಜೊತೆಗೆ ತಡೆಯಲಾರದಷ್ಟು ನಗುವೂ ಬಂತು. ಮೈಸೂರಿನವನಾದ ನನಗೆ ಹಾಸನದವರ ಪರಿಚಯವಾಗಲು ಬರ್ಮಿಂಗ್‌ಹ್ಯಾಮಿನವರು ದಾರಿ ತಪ್ಪಬೇಕಾಯಿತು.

ಶನಿವಾರ ಬೆಳಿಗ್ಗೆ ಸಾಹೇಬರು ತಾವಾಗಿಯೇ ನನ್ನ ರಜೆಯ ಅರ್ಜಿ ತೆಗೆದು ರುಜು ಹಾಕಿದರು. “ಮೂರು ವಾರ ಹೋಗಿ ಬಾ. ನನ್ನ ಗುರುವಾರಗಳ ಊಟದ ಚಿಂತೆ ಬೇಡ, ಶಿವಣ್ಣ ಕರೆದಿದ್ದಾನೆ” ಎಂದರು. ಸುದ್ದಿ ಹೇಳಲು ಮನೆಗೆ ಓಡಿ ಬಂದರೆ, ಸುಮಾ ಆಗಲೇ ಪೆಟ್ಟಿಗೆ ತೆರೆದು ಕೂತಿದ್ದಳು. ನಮ್ಮದೊಂದು ಬಟ್ಟೆಯೂ ಇನ್ನೂ ಒಳಗೆ ಬಿದ್ದಿರಲಿಲ್ಲ. ಹಾಸನದ ವಿಳಾಸ ಬರೆದ, ಶಿವಣ್ಣನ ಮನೆಯ ಮೂರು ಕೆಜಿ ಖರ್ಜೂರದ ಪೊಟ್ಟಣ ತಳದಲ್ಲಿ ಭದ್ರವಾಗಿ ಕೂತಿತ್ತು.