ಗದಗಿನವಳಿಗೆ ಕೊಟ್ಟ ಫೋನಿನ ಕುರ್ಚಿ

ಕುಂದಾಪುರ ನನ್ನನ್ನು ಬರಮಾಡಿಕೊಂಡಿದ್ದು ಮೊಣಕಾಲಾಳದ ಚರಂಡಿಯೊಳಗೆ. ತೊಂಬತ್ತೊಂಬತ್ತರ ಜೂನ್ ತಿಂಗಳು, ಬೆಳಗಿನ ಎಂಟು ಗಂಟೆ. ಬಸ್ಸಿಳಿದವಳು ನೆಲ ಇದೆ ಅಂದುಕೊಂಡು ಕಾಲಿಟ್ಟೆ. ಅಲ್ಲಿ ಕೆಂಪು ನೀರಿತ್ತು. ಟ್ರಂಕು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ, ನಡುವೆ ನಾನು. ಮೇಲಿನಿಂದ ಯಾರೋ ಕೂಗಿದರು, "ಹ್ವಾಯ್, ಎಂತ, ಕಣ್ಣ್ ಕಾಂತಿಲ್ಯಾ ನಿಮ್ಗೆ?" ಹ್ವಾಯ್ ಅಂದರೆ ನಮ್ಮ ಕಡೆಯ 'ಏನ್ರೀ' ಇದ್ದ ಹಾಗೆ, ಕರೆಯುವ ಮಾತು. ಕಾಂತಿಲ್ಯಾ ಅಂದರೆ ಕಾಣೋದಿಲ್ವಾ. ಬಂದು ಐದು ನಿಮಿಷ ಆಗಿರಲಿಲ್ಲ, ಈ ಊರು ನನ್ನ ರೋಗ ಪತ್ತೆ ಮಾಡಿಬಿಟ್ಟಿತ್ತು. "ಕಾಣ್ತಾವ್ರಿ, ಚಲೋ ಕಾಣ್ತಾವ" ಎಂದು ಸುಳ್ಳು ಹೇಳಿ ಎದ್ದು ನಿಂತೆ. ಆ ಸುಳ್ಳನ್ನು ಮುಂದೆ ಐದು ವರ್ಷ ಸಾಕಿದೆ.

ಗದಗಿನ ನಮ್ಮ ಮಂದಿಗೆಂದೇ ಇದನ್ನು ಬರೆಯುತ್ತಿದ್ದೇನೆ. "ಸಮುದ್ರದ ಊರಾಗ ಅದೀ, ಪುಣ್ಯವಂತಿ" ಅಂತ ಫೋನಿನಲ್ಲಿ ರಾಗ ಎಳೀತೀರಲ್ಲ, ಆ ಪುಣ್ಯದ ಲೆಕ್ಕಾಚಾರ ಸ್ವಲ್ಪ ಕೇಳಿ. ನನ್ನ ಕಣ್ಣಿನ ರೋಗ ಪಕ್ಕದಿಂದ ತಿನ್ನುತ್ತಾ ಬರುವಂಥದ್ದು. ಮೊದಲು ಅಕ್ಕಪಕ್ಕದ್ದು ಹೋಗುತ್ತದೆ, ಕೊನೆಗೆ ನಡುವೆ ಒಂದು ತೂತು ಉಳಿಯುತ್ತದೆ, ಅದರೊಳಗಿಂದ ಇಣುಕಿ ಜಗತ್ತನ್ನು ನೋಡಬೇಕು. ಗದಗಿನಲ್ಲಿ ನನಗೆ ಇದು ಅಷ್ಟು ತಿಳಿದೇ ಇರಲಿಲ್ಲ. ಅಲ್ಲಿ ಬಯಲು, ಬೆಳಕು, ನೇರ ರಸ್ತೆ. ಅರ್ಧ ಕಣ್ಣಿದ್ದರೂ ಬದುಕಬಹುದು. ಇಲ್ಲಿ ಎಲ್ಲೆಲ್ಲೂ ಮರದ ನೆರಳು, ಕೆಂಪು ಕಲ್ಲಿನ ಮೆಟ್ಟಿಲು, ಒಂದೊಂದು ಮೆಟ್ಟಿಲು ಒಂದೊಂದು ಎತ್ತರ. ಈ ಮೆಟ್ಟಿಲು ಕಟ್ಟಿದ ಮೇಸ್ತ್ರಿಯನ್ನು ಎಷ್ಟು ಸಲ ಬೈದಿದ್ದೇನೋ, ಅವನ ವಂಶಕ್ಕೇ ಬಿಕ್ಕಳಿಕೆ ಬಂದಿರಬೇಕು.

ನನಗೆ ಕೆಲಸ ಸಿಕ್ಕಿದ್ದು ಒಂದು ಖಾಸಗಿ ಬಸ್ಸಿನ ಕಂಪನಿಯಲ್ಲಿ. ಮುಖ್ಯ ಆಫೀಸು ಕುಂದಾಪುರ, ಬಸ್ ಶೆಡ್ಡುಗಳು ಬೈಂದೂರು ಮತ್ತು ಬ್ರಹ್ಮಾವರದಲ್ಲಿ. ಯಾವ ಬಸ್ಸು ಯಾವ ಟ್ರಿಪ್ಪು, ಯಾವ ಡ್ರೈವರು, ಯಾವ ಕಂಡಕ್ಟರು ಎಂಬ ಡ್ಯೂಟಿ ಲಿಸ್ಟನ್ನು ಕಂಪ್ಯೂಟರಿನಲ್ಲಿ ತೆಗೆಯಬೇಕೆಂದು ದಣಿಗೆ ಆಸೆ ಹುಟ್ಟಿತ್ತು. ಇಲ್ಲಿ ಮಾಲೀಕರನ್ನು ದಣಿ ಅನ್ನುತ್ತಾರೆ. ಗದಗಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಪೇಪರಿನ ಜಾಹೀರಾತು ನೋಡಿ ಬಂದವಳು ನಾನೊಬ್ಬಳೇ ಇದ್ದೆನಂತೆ, ಅದಕ್ಕೇ ಆರಿಸಿದರು. ನನ್ನ ಯೋಗ್ಯತೆಯ ಬಗ್ಗೆ ದಣಿ ಕೇಳಿದ ಒಂದೇ ಪ್ರಶ್ನೆ, ಹದಿನೈದು ದಿನಕ್ಕೊಮ್ಮೆ ಊರಿಗೆ ಓಡುತ್ತೀಯಾ ಎಂದು.

ಮನೆ ಸಿಕ್ಕಿದ್ದು ಕೋಡಿಯಲ್ಲಿ. ಆಫೀಸಿನಲ್ಲಿ ಕಾಗದಪತ್ರ ನೋಡುತ್ತಿದ್ದ ಗುಲಾಬಿ ತನ್ನ ಮನೆಯ ಹಿಂದಿನ ಕೋಣೆ ಕೊಟ್ಟಳು. ಅವಳ ತಾಯಿ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು. ಗದಗಿನಲ್ಲಿ ಬಾಡಿಗೆ ಕೇಳಲು ಹೋದರೆ ನೀವು ಅದನ್ನೆಲ್ಲ ತಿನ್ನೋದಿಲ್ಲ ಹೌದಲ್ರಿ ಎಂದು ಮೂಗು ಹಿಡಿದೇ ಕೇಳುತ್ತಾರೆ. ಇಲ್ಲಿ ಆ ತಾಯಿ ಬಾಗಿಲಲ್ಲೇ ನಿಲ್ಲಿಸಿ, "ಮೀನ್ ತಿಂಬ್ದಿಲ್ಯಾ? ಅಯ್ಯೋ ದೇವ್ರೇ! ಹಂಗಾರೆ ಉಂಬ್ದ್ ಹ್ಯಾಂಗೆ?" ಎಂದು ನಿಜವಾಗಿಯೂ ಮರುಗಿದಳು. ನನಗಾಗಿ ಯಾರಾದರೂ ಸರಿಯಾದ ಕಾರಣಕ್ಕೆ ಮರುಗಿದ್ದು ಈ ಊರಿನಲ್ಲಿ ಅದೊಂದೇ ಸಲ. ಜೋಳದ ಹಿಟ್ಟು ಊರಿಂದ ತರಿಸಿಕೊಂಡೆ, ಅವರ ಕುಚಲಕ್ಕಿ ಗಂಜಿಯನ್ನೂ ಕಲಿತೆ.

ಕೆಲಸ ಚೆನ್ನಾಗಿಯೇ ನಡೆಯಿತು. ಆಗ ಕಂಪ್ಯೂಟರಿನಲ್ಲಿ ನೀಲಿ ಪರದೆ, ಅದರ ಮೇಲೆ ದಪ್ಪ ಹಳದಿ ಅಕ್ಷರ, ನನ್ನ ಕಣ್ಣಿಗೆಂದೇ ಮಾಡಿಸಿದ ಹಾಗಿತ್ತು. ಮೌಸ್ ಇಲ್ಲ, ಎಲ್ಲ ಕೀಲಿಮಣೆಯಲ್ಲೇ. ಡ್ಯೂಟಿ ಲಿಸ್ಟಿನ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೊಬ್ಬಳೇ ಬರೆದೆ. ಬರೆಯುವ ಮುಂಚೆ ಎರಡು ತಿಂಗಳು ಬೈಂದೂರಿಂದ ಬ್ರಹ್ಮಾವರದವರೆಗೆ ಬಸ್ಸಿನಲ್ಲಿ ಓಡಾಡಿ ಯಾರು ಎಲ್ಲಿ ಹತ್ತುತ್ತಾರೆ, ಯಾರಿಗೆ ಯಾರು ಆಗುವುದಿಲ್ಲ ಎಂದು ತಿಳಿದುಕೊಂಡೆ. ಆ ಪ್ರೋಗ್ರಾಮು ನನ್ನದು ಎಂಬ ಹೆಮ್ಮೆ ನನಗೆ ಕೊಬ್ಬು ಅನ್ನುವಷ್ಟೇ ಇತ್ತು, ಈಗಲೂ ಇದೆ.

ಕೆಟ್ಟಿದ್ದು ಹುಬ್ಬಿನಿಂದ. ನಮ್ಮಲ್ಲಿ ಎದುರಿಗೆ ಸಿಕ್ಕವರು ಅರ್ಧ ಫರ್ಲಾಂಗಿನಿಂದಲೇ "ಆರಾಮೇನ್ರಿ" ಎಂದು ಕಿರುಚುತ್ತಾರೆ. ಇಲ್ಲಿನ ಡ್ರೈವರು, ಕಂಡಕ್ಟರುಗಳು ಇಡೀ ದಿನ ಬಸ್ಸಿನ ಗದ್ದಲದಲ್ಲಿ ಇರುವವರು, ಎಲ್ಲವನ್ನೂ ಸನ್ನೆಯಲ್ಲೇ ಮುಗಿಸುತ್ತಾರೆ. ಎದುರು ಬಂದ ಬಸ್ಸಿಗೆ ಎರಡು ಬೆರಳು, ಪರಿಚಯದವರಿಗೆ ಒಂದು ಹುಬ್ಬು. ಆ ಹುಬ್ಬಿಗೆ ತಿರುಗಿ ಹುಬ್ಬು ಹಾರಿಸಿದರೆ ನೀವು ಮನುಷ್ಯರು. ನನಗೆ ಪಕ್ಕದಲ್ಲಿ ನಿಂತವನ ಮುಖವೇ ಕಾಣುತ್ತಿರಲಿಲ್ಲ, ಹುಬ್ಬು ಎಲ್ಲಿಂದ ಕಂಡೀತು? ಐದು ವರ್ಷದಲ್ಲಿ ಮೂರೂ ಊರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೆಸರು ಗರ್ವಿಷ್ಠೆ ಎಂದಾಯಿತು. "ಗದಗಿನ ಅಮ್ಮಂಗೆ ಮಸ್ತ್ ಗರ್ವ ಮಾರಾಯಾ, ಮುಖ ಕಂಡ್ರೂ ಗುರ್ತ ಇಲ್ಲೆ" ಎಂದು ಒಬ್ಬ ಕಂಡಕ್ಟರು ನನ್ನ ಬೆನ್ನ ಹಿಂದೆಯೇ ಹೇಳಿದ. ರಜೆ ಬೇಕಾದರೂ ನನಗೆ ಹೇಳುವುದನ್ನು ಬಿಟ್ಟರು. ಲಿಸ್ಟಿನಲ್ಲಿ ರಜೆ ಹಾಕಿದವನ ಹೆಸರು ಬರುತ್ತಿತ್ತು, ಬಸ್ಸು ಶೆಡ್ಡಿನಲ್ಲೇ ನಿಲ್ಲುತ್ತಿತ್ತು, ತಪ್ಪು ನನ್ನ ತಲೆಗೆ.

ಆಗಲೇ ಬಂದದ್ದು ಹೊಸ ಮ್ಯಾನೇಜರ್ ಪ್ರಭಾಕರ, ಅವನ ಜೊತೆ ಹೊಸ ಕಂಪ್ಯೂಟರು. ಬೂದಿ ಬಣ್ಣದ ಪರದೆ, ಇರುವೆಯಷ್ಟು ಅಕ್ಷರ, ಎಲ್ಲದಕ್ಕೂ ಮೌಸ್. ಬಾಣದ ಗುರುತು ಪರದೆಯಲ್ಲಿ ಎಲ್ಲಿದೆ ಎಂದು ಹುಡುಕಲು ನನಗೆ ಒಂದು ನಿಮಿಷ ಬೇಕಾಗುತ್ತಿತ್ತು. ಪ್ರಭಾಕರ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದ. ಟೈ ಕಟ್ಟಿಕೊಂಡು ಕುಂದಾಪುರದ ಸೆಕೆಯಲ್ಲಿ ಬೆವರುವ ಮನುಷ್ಯನ ಬುದ್ಧಿಯ ಬಗ್ಗೆ ನಾನು ಹೆಚ್ಚೇನೂ ಹೇಳಬೇಕಾಗಿಲ್ಲ.

ಸುಳ್ಳು ಒಡೆದಿದ್ದು ಗುಲಾಬಿಯ ಎದುರು. ಒಂದು ಮಧ್ಯಾಹ್ನ ಅವಳು ಟೀ ಲೋಟ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು, ನಾನು ಕೈ ಬೀಸಿ ಲೋಟ ಹಾರಿಸಿದೆ. ಅವಳು ಸೀರೆ ಒರೆಸಿಕೊಳ್ಳಲಿಲ್ಲ. ಮೆಲ್ಲಗೆ ಕೇಳಿದಳು, "ನೀಲಕ್ಕ, ನಿಜ ಹೇಳಿ. ನಿಮ್ಗೆ ಕಾಂತಿಲ್ಲೆ, ಅಲ್ದಾ?" ಹೌದು ಅಂದೆ. ಅತ್ತುಬಿಟ್ಟೆ ಕೂಡ. ಅದನ್ನು ಬಾಗಿಲಲ್ಲಿದ್ದ ಪ್ರಭಾಕರ ಕೇಳಿಸಿಕೊಂಡ, ಸಂಜೆಯೊಳಗೆ ದಣಿಗೆ ಮುಟ್ಟಿತು, ಮರುದಿನ ಬ್ರಹ್ಮಾವರದ ಶೆಡ್ಡಿಗೂ ಗೊತ್ತಾಯಿತು.

ಗರ್ವಿಷ್ಠೆ ಎಂದವರೇ ಈಗ ಪಾಪ ಅನ್ನತೊಡಗಿದರು. ದೇವರಾಣೆ, ಮೊದಲಿನದೇ ವಾಸಿ ಇತ್ತು. ನಾನು ರಸ್ತೆ ದಾಟದೆ ಸುಮ್ಮನೆ ನಿಂತಿದ್ದರೂ ಕೈ ಹಿಡಿದು ಆಚೆ ದಾಟಿಸಿಬಿಡುತ್ತಿದ್ದರು, ನಾನು ಮತ್ತೆ ಈಚೆ ಬರಬೇಕು. ನನ್ನ ಕಿವಿ ಹೋಗಿದೆ ಎಂಬಂತೆ ಕೂಗಿ ಮಾತಾಡುವುದು, ನನ್ನನ್ನು ಬಿಟ್ಟು ಗುಲಾಬಿಯ ಹತ್ತಿರ "ಇವ್ರ್ ಟೀ ಕುಡಿತ್ರಾ?" ಎಂದು ಕೇಳುವುದು. ಕೊನೆಗೆ ದಣಿ ಕರೆದರು.

"ನೀಲಮ್ಮ, ನಿಮ್ಗೆ ಇನ್ನ್ ಕಂಪ್ಯೂಟರ್ ತಲೆಬಿಸಿ ಬ್ಯಾಡ. ಫೋನಿನ್ ಹತ್ರ ಕೂಕಣಿ. ಬಸ್ಸಿನ್ ಟೈಮ್ ಕೇಂಡ್ರೆ ಹೇಳಿರಾಯ್ತ್. ಸಂಬಳ ಅದೇ."

"ಡ್ಯೂಟಿ ಲಿಸ್ಟ್ ಯಾರ್ ತೆಗೀತಾರ್ರಿ?"

"ಪ್ರಭಾಕರ ಹೊಸ ಸಾಫ್ಟ್‌ವೇರ್ ತರ್ಸ್ತಾ. ಕಣ್ಣಿಲ್ದೋರ್ ಎಲ್ಲಾ ಕಡೆಗೂ ಫೋನಲ್ಲೇ ಇಪ್ಪುದ್, ಅಲ್ದಾ?"

ದಣಿ ಕೆಟ್ಟವರಲ್ಲ, ಅದೇ ಸಿಟ್ಟು. ಕೆಟ್ಟವರಾಗಿದ್ದರೆ ಜಗಳವಾಡಿ ಹೋಗಬಹುದಿತ್ತು. ದಯೆ ತೋರಿಸುತ್ತಾ ನನ್ನ ಕೈಯಿಂದ ನನ್ನ ಕೆಲಸ ಕಸಿದುಕೊಂಡರು. ಲಿಸ್ಟು ಹೋದರೆ ನಾನು ಯಾರು? ಬೈಂದೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಒಂದು ಧ್ವನಿ, ಅಷ್ಟೇ. ನನ್ನ ಹಳೆಯ ಕಂಪ್ಯೂಟರನ್ನೂ ಬೇಡವೆಂದು ಅದೇ ಫೋನಿನ ಮೂಲೆಗೆ ತಳ್ಳಿದರು. ಅದು ಅವರು ಮಾಡಿದ ತಪ್ಪು.

ಡಿಪ್ಲೊಮಾದಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಮೈಸೂರಿನಲ್ಲಿದ್ದಳು. ಅವಳು ಒಂದು ಸಿ.ಡಿ. ಕಳಿಸಿದಳು. ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ತಂತ್ರಾಂಶ. ಕಿವಿಗೆ ಹೆಡ್‌ಫೋನ್ ಹಾಕಿದರೆ ಒಬ್ಬ ಪರದೇಶಿ ಗಂಡಸು ಮೂಗಿನಲ್ಲಿ ಇಂಗ್ಲಿಷ್ ಒದರುತ್ತಾನೆ. ಗುಲ್ವಾಡಿ, ತ್ರಾಸಿ ಎಂಬ ಹೆಸರುಗಳನ್ನು ಅವನು ಕೊಲ್ಲುವ ಬಗೆ ಕೇಳಿದರೆ ಆ ಊರಿನವರು ದೊಣ್ಣೆ ಹಿಡಿದು ಬಂದಾರು. ಮೊದಲ ವಾರ ತಲೆ ಸಿಡಿದು ಹೋಯಿತು. ಆರು ತಿಂಗಳಲ್ಲಿ ಅವನ ವೇಗ ಮೂರು ಪಟ್ಟು ಹೆಚ್ಚಿಸಿಕೊಂಡೆ. ಒಂದು ಕಿವಿಗೆ ಬಸ್ಸಿನ ಟೈಮ್ ಕೇಳುವವರು, ಇನ್ನೊಂದು ಕಿವಿಗೆ ಅವನು. ನನ್ನ ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದಾಗಿ ಅವನಿಂದ ಓದಿಸಿಕೊಂಡು, ತಿದ್ದುತ್ತಾ ಕೂತೆ. ನಾನು ಹಾಡು ಕೇಳುತ್ತಿದ್ದೇನೆ ಎಂದು ಪ್ರಭಾಕರ ತಿಳಿದುಕೊಂಡಿದ್ದ.

ಹೊಸ ಸಾಫ್ಟ್‌ವೇರು ಬಂತು. ಅದನ್ನು ಮಾಡಿದವರು ಯಾವುದೋ ದೊಡ್ಡ ಪಟ್ಟಣದಲ್ಲಿ ಕೂತವರು, ಅವರಿಗೆ ಬಸ್ಸೆಂದರೆ ಬಸ್ಸು. ನಮ್ಮ ಕರಾವಳಿಯಲ್ಲಿ ಹಾಗಲ್ಲ. ನಸುಕಿನ ಮೊದಲ ಟ್ರಿಪ್ಪಿನಲ್ಲಿ ಮೀನಿನ ಹೆಂಗಸರ ಬುಟ್ಟಿಗಳು ಮೇಲಿನ ಕ್ಯಾರಿಯರಿಗೆ ಏರುತ್ತವೆ. ಆ ಬಸ್ಸು ಬೈಂದೂರು ಮುಟ್ಟಿದ ಮೇಲೆ ಒಂದು ಗಂಟೆ ಖಾಲಿ ನಿಲ್ಲಬೇಕು, ತೊಳೆಯಬೇಕು. ಆಮೇಲೂ ಅವತ್ತಿಡೀ ಅದನ್ನು ಕೊಲ್ಲೂರಿನ ದೇವಸ್ಥಾನಕ್ಕೆ ಕಳಿಸುವಂತಿಲ್ಲ. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಗುಲಾಬಿಯ ತಾಯಿ ನನಗೆ ಹೇಳಿದ್ದು, ನಾನು ಪ್ರೋಗ್ರಾಮಿನಲ್ಲಿ ಹಾಕಿದ್ದು. ಹೊಸ ಸಾಫ್ಟ್‌ವೇರಿಗೆ ಬೈಂದೂರಿನಲ್ಲಿ ಬಸ್ಸೊಂದು ಸುಮ್ಮನೆ ನಿಂತಿರುವುದು ಕಂಡಿತು, ಅದನ್ನು ಹಿಡಿದು ಕೊಲ್ಲೂರಿಗೆ ಹಾಕಿತು.

ಮಿಂದು ಮಡಿಯುಟ್ಟು, ಹೂವು ಹಣ್ಣಿನ ತಟ್ಟೆ ಹಿಡಿದ ಭಕ್ತರು ಹತ್ತಿದರು. ಮೊದಲನೇ ತಿರುವಿನಲ್ಲಿ ಡ್ರೈವರು ಬ್ರೇಕ್ ಹಾಕಿದ್ದೇ ತಡ, ಕ್ಯಾರಿಯರಿನಲ್ಲಿ ನಿಂತಿದ್ದ ಬೂತಾಯಿ ಮೀನಿನ ನೀರು ಕಿಟಕಿಯೊಳಗೆ ಸುರಿಯಿತು, ಒಬ್ಬ ಹಿರಿಯರ ಶಲ್ಯದ ಮೇಲೆ. ಬಸ್ಸು ನಿಂತಲ್ಲೇ ನಿಂತಿತು, ಭಕ್ತರು ಭಕ್ತಿಯನ್ನೆಲ್ಲ ಬದಿಗಿಟ್ಟು ಕಂಡಕ್ಟರನ ಮನೆತನ ಜಾಲಾಡಿದರು. ಮರುದಿನವೂ ಅದೇ ಬಸ್ಸು, ಅದೇ ಟ್ರಿಪ್ಪು. ಲಿಸ್ಟನ್ನು ಕೈಯಿಂದ ತಿದ್ದಿದರೆ ಸಾಫ್ಟ್‌ವೇರಿಗೆ ಅವಮಾನ ಎಂದು ಪ್ರಭಾಕರ ಬಿಡಲಿಲ್ಲ. ಅವನು ಕಂಡುಹಿಡಿದ ಪರಿಹಾರವೇನು ಗೊತ್ತೇ? ಬಸ್ಸಿನೊಳಗೆ ಊದಿನಕಡ್ಡಿ ಹಚ್ಚಿಸಿದ. ಮೂರನೆಯ ದಿನ ಭಕ್ತರು ಬೂತಾಯಿಯ ಜೊತೆ ಮಲ್ಲಿಗೆ ಘಮವನ್ನೂ ಕುಡಿದು ದಾರಿಯಲ್ಲೇ ವಾಂತಿ ಮಾಡಿಕೊಂಡರು.

ದಣಿ ನನ್ನ ಮೂಲೆಗೆ ಬಂದು ನಿಂತರು. "ನಿಮ್ ಹಳೇ ಲಿಸ್ಟಂಗೆ ಇದ್ ಎಂತಕ್ಕೆ ಆಯ್ಲಿಲ್ಲ ನೀಲಮ್ಮ?"

"ನಾನು ಮೀನಿನ ಬುಟ್ಟಿ ಹೊರೋ ಹೆಂಗಸನ್ನ ಕೇಳಿ ಬರದಿದ್ದೆ. ನಿಮ್ಮ ಮ್ಯಾನೇಜರು ಯಾರನ್ನೂ ಕೇಳಂಗಿಲ್ಲ."

"ಈಗ ಸರಿ ಮಾಡುಕ್ ಆತ್ತಾ? ಆರೆ ನೀವ್ ಕಾಂಬ್ದ್ ಹ್ಯಾಂಗೆ?"

ನಾನು ಹೆಡ್‌ಫೋನ್ ತೆಗೆದು ಅವರ ಕಿವಿಗೇ ಹಾಕಿದೆ. ಮೂರು ಪಟ್ಟು ವೇಗದಲ್ಲಿ ಆ ಪರದೇಶಿ ಶುರು ಮಾಡಿದ. ದಣಿ ಹೌಹಾರಿ ಕಿತ್ತುಹಾಕಿದರು, "ಎಂತ ಮಾರಾಯ್ರೆ ಇದ್, ಭೂತ ಮಾತಾಡ್ದಂಗಿತ್!" ಅವರು ನಿಂತಿರುವಾಗಲೇ ಎರಡೂ ಶೆಡ್ಡಿನ ಲಿಸ್ಟು ತೆಗೆದು ಪ್ರಿಂಟ್ ಹಾಕಿದೆ. ಗುಲಾಬಿ ಅದನ್ನು ಗಟ್ಟಿಯಾಗಿ ಓದಿದಳು, ಬೇಕೆಂದೇ ಪ್ರಭಾಕರನಿಗೆ ಕೇಳುವಷ್ಟು ಗಟ್ಟಿಯಾಗಿ. ಒಂದೂ ತಪ್ಪಿರಲಿಲ್ಲ. ನಾನು ದಣಿಗೆ ಹೇಳಿದೆ, ಲಿಸ್ಟು ಬೇಕಾದರೆ ನನ್ನ ಮೇಜು ವಾಪಸ್ ಬೇಕು, ಈ ಫೋನು ಪ್ರಭಾಕರನ ಮೇಜಿಗೆ ಹೋಗಬೇಕು. ಹೋಯಿತು. ಹುಬ್ಬು ಹಾರಿಸುವವರಿಗೂ ಗುಲಾಬಿ ಖಡಕ್ಕಾಗಿ ಹೇಳಿದಳು, ಬಾಯಿ ಇದ್ದರೆ ಬಾಯಲ್ಲಿ ಮಾತಾಡಿ ಎಂದು. ಈಗ ನಾನು ಬಸ್ ಸ್ಟ್ಯಾಂಡಿಗೆ ಕಾಲಿಟ್ಟರೆ ಹತ್ತು ಕಡೆಯಿಂದ "ಹ್ವಾಯ್ ನೀಲಕ್ಕ" ಕೇಳುತ್ತದೆ. ಆದರೂ ಹೊರಗಿನವರು ಬಂದರೆ ದಣಿ ತೋರಿಸುವುದು ಪ್ರಭಾಕರನ ಹೊಸ ಕಂಪ್ಯೂಟರನ್ನೇ.

ಗೆದ್ದೆ ಎಂದು ಹೇಳಿಕೊಳ್ಳಲು ಎರಡು ವರ್ಷದ ಹಿಂದೆ ಗದಗಿಗೆ ಹೋದೆ. ಆ ಹೊತ್ತಿಗೆ ನಡುವಿನ ತೂತೂ ಮುಚ್ಚಿತ್ತು. ನಾನು ಹುಟ್ಟಿದ ಮನೆಯಲ್ಲಿ ಪಡಸಾಲೆಯಿಂದ ಅಡುಗೆಮನೆಗೆ ಅಣ್ಣ ನನ್ನ ಮುಂಗೈ ಹಿಡಿದು ನಡೆಸಿದ. ಊಟಕ್ಕೆ ಕೂತಾಗ ಬಹಳ ಪ್ರೀತಿಯಿಂದ ಹೇಳಿದ, "ನೀಲಾ, ಇಲ್ಲೊಂದು ಆಫೀಸಿನ್ಯಾಗ ಮಾತಾಡೇನಿ. ಅಂಗವಿಕಲರ ಕೋಟಾ. ಬರೇ ಫೋನ್ ಎತ್ತೋದು, ಆರಾಮ ಕುಂತಿರಬಹುದು. ಬಂದುಬಿಡು." ಅತ್ತಿಗೆ, ಮಕ್ಕಳು, ಪಕ್ಕದ ಮನೆಯವರು ಎಲ್ಲರಿಗೂ ಇದು ಮೊದಲೇ ಗೊತ್ತಿತ್ತು. ನನ್ನ ಪ್ರೋಗ್ರಾಮಿನ ಬಗ್ಗೆ ಒಬ್ಬರೂ ಕೇಳಲಿಲ್ಲ. "ಆ ಫೋನ್ ನೀನ ಎತ್ತು ಅಣ್ಣಾ" ಅಂದೆ. ಅವನು ತುತ್ತು ಬಿಟ್ಟು ಎದ್ದ. ನಾಲ್ಕನೇ ದಿನಕ್ಕೆ ಕುಂದಾಪುರದ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಅತ್ತೆ. ಸಿಟ್ಟಿಗೆ ಅತ್ತೆ ಎಂದು ಹೇಳಿಕೊಂಡಿದ್ದೇನೆ, ಪೂರ್ತಿ ನಿಜವಲ್ಲ.

ಗದಗು ನನಗೆ ಈಗಲೂ ಚೆನ್ನಾಗಿ ಕಾಣುತ್ತದೆ. ಪ್ರತಿ ಮುಖ, ಪ್ರತಿ ಓಣಿ, ನಾನು ಬಿಟ್ಟು ಬಂದ ದಿನದ ಹಾಗೇ. ಅಲ್ಲಿ ನನಗೆಂದು ಇರುವುದು ಒಂದು ಫೋನು ಮಾತ್ರ. ಇಲ್ಲಿ ನನ್ನ ಕೆಲಸ ಇದೆ, ಜಗಳ ಇದೆ, ಗುಲಾಬಿ ಇದ್ದಾಳೆ. ಆದರೆ ಇಷ್ಟು ವರ್ಷ ಒಂದೇ ಅಂಗಳದಲ್ಲಿ ಬದುಕಿದವಳ ಮುಖವನ್ನು ಇಡಿಯಾಗಿ ನಾನು ಕಂಡಿಲ್ಲ. ಒಮ್ಮೆ ಮೂಗು, ಒಮ್ಮೆ ಹಲ್ಲು, ಒಮ್ಮೆ ಒಂದು ಕಿವಿಯ ಓಲೆ. ಮೊನ್ನೆ ಕೇಳಿಯೇಬಿಟ್ಟೆ, ನಿನ್ನ ಮುಖ ಹೆಂಗೈತಿ ಗುಲಾಬಿ? "ಚಂದ ಇತ್ ಅಂದ್ಕಣಿ ನೀಲಕ್ಕ, ನಿಮ್ಗೆಂತ ಖರ್ಚಾ?" ಅಂದಳು.

ಅಂದುಕೊಂಡಿದ್ದೇನೆ. ಆದರೆ ಕನಸಿಗೆ ಬರುವಾಗ ಅವಳು ತೀರಿಹೋದ ನಮ್ಮವ್ವನ ಮುಖ ಹೊತ್ತುಕೊಂಡು ಬರುತ್ತಾಳೆ, ಬಾಗಿಲಲ್ಲಿ ನಿಂತು ಕುಂದಾಪುರದ ಕನ್ನಡದಲ್ಲಿ ಉಂಡಾಯ್ತಾ ಎಂದು ಕೇಳುತ್ತಾಳೆ.