ಐದನೆಯ ಮನೆಯ ಜೋಗ

ವಾಸ್ಕೋದ ಸಡಾ ಗುಡ್ಡದ ಮೇಲೆ ಸಾವಂತ್ರೆವ್ವನ ಬಾಯಿಗೆ ಹೆದರದವರಿಲ್ಲ. ನಳದ ಮುಂದೆ ಯಾರಾದರೂ ಪಾಳಿ ತಪ್ಪಿಸಿ ಕೊಡ ಇಟ್ಟರೋ, ಅವರ ಏಳು ತಲೆಮಾರನ್ನು ಎಬ್ಬಿಸಿ ಕೂಡಿಸುತ್ತಾಳೆ. ಮದುವೆಯಾಗಿ ರಾಮದುರ್ಗದ ಕಡೆಯಿಂದ ಗೋವಾಕ್ಕೆ ಬಂದವಳು ರಸ್ತೆ ಕೆಲಸಕ್ಕೆ ಖಡಿ ಹೊತ್ತಳು, ಮೀನಿನ ಬುಟ್ಟಿ ತೊಳೆದಳು, ಈಗ ವಾಸ್ಕೋದ ನಾಲ್ಕಾರು ಮನೆಗಳಲ್ಲಿ ಭಾಂಡೆ ತಿಕ್ಕುತ್ತಾಳೆ. ಒಗೆದು ಹಾಕಿದ ಸೀರೆಯ ಮೇಲೆ ಬಂದರಿನ ಕಲ್ಲಿದ್ದಲ ಪುಡಿ ಬಂದು ಕೂತರೆ, ಬೈಯಲು ಯಾರೂ ಸಿಗದೆ ಗಾಳಿಗೇ ಬೈಯುತ್ತಾಳೆ. ಅಂಥ ಬಾಯಿ ಒಂದು ಹೆಸರನ್ನು ಮಾತ್ರ ವರ್ಷಗಳಿಂದ ಆಡಿಲ್ಲ. ಅಶ್ವಿನಿ, ಇದ್ದೊಬ್ಬ ಮಗಳು.

ಅಶ್ವಿನಿ ಹಿಂದಿನ ಓಣಿಯ ಮುಸ್ತಾಕನನ್ನು ಮದುವೆಯಾದಳು. ಲಾರಿ ಹೊಡೆಯುವ ಹುಡುಗ, ಕುಡಿತ ಗಿಡಿತ ಏನೂ ಇಲ್ಲ. ಅವನ ತಾಯಿ ಚಮನಬಿ ಮತ್ತು ಸಾವಂತ್ರೆವ್ವ ಒಂದೇ ನಳದಲ್ಲಿ ನೀರು ತುಂಬಿದವರು. ಇವರ ಮನೆಯ ಪಲ್ಯ ಅವರ ಮನೆಗೆ ಹೋಗುತ್ತಿತ್ತು. ಪಲ್ಯ ಹೋದರೆ ಸರಿ, ಮಗಳು ಹೋದರೆ? ಬಂದರಿನಲ್ಲಿ ಹಮಾಲಿ ಮಾಡುವ ಗಂಡ ಬಾಲಪ್ಪ ಹುಟ್ಟಾ ಮಾತು ಕಡಿಮೆಯವನು. ಆ ದಿನ ಮಾತ್ರ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಆಣೆ ಹಾಕಿದ.

"ಇನ್ನ ಆ ಮನಿ ಹೊಸ್ತಿಲಾ ತುಳಿಯೂದಿಲ್ಲ, ಆ ಮನಿ ಅನ್ನ ಮುಟ್ಟೂದಿಲ್ಲ. ನಮ್ಮ ಮನ್ಯಾಗಿನವ್ರು ಯಾರರ ತುಳದ್ರ ನಾ ಸತ್ತಂಗ!"

ಚಮನಬಿಯ ಮನೆಯವರು ಓಣಿಯ ಬಾಯಿಗೆ ಬೇಸತ್ತು ಕುಂಕಳ್ಳಿಗೆ ಹೋದರು. ಅಶ್ವಿನಿ ಅಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದಳಂತೆ, ಹೆಣ್ಣು ಕೂಸು ಹುಟ್ಟಿತಂತೆ ಎಂದು ಯಾರೋ ಹೇಳಿದರು. ಆ ಸುದ್ದಿ ಕೇಳಿದ ದಿನ ಸಾವಂತ್ರೆವ್ವ ಮೂರು ಮನೆಯ ಭಾಂಡೆ ತಿಕ್ಕಿದಳು, ಮೂರರಲ್ಲೂ ಅತ್ತಳು. ಕೂಸು ಯಾರ ಹಾಗಿದೆಯೋ, ಯಾವ ಹೆಸರಿಟ್ಟರೋ, ಮಗಳಿಗೆ ಬಾಣಂತನ ಯಾರು ಮಾಡಿದರೋ. ಯಾರನ್ನು ಕೇಳಬೇಕು?

ಭಾರತ ಹುಣ್ಣಿಮೆ ಹತ್ತಿರ ಬಂದರೆ ಸಡಾದ ಕೆಲವರು ಸವದತ್ತಿ ಎಲ್ಲಮ್ಮನಿಗೆ ಬರಿಗಾಲಲ್ಲಿ ನಡೆದು ಹೋಗುತ್ತಾರೆ. ಈ ಸಲ ಗಂಡ ಹೆಂಡತಿ ಇಬ್ಬರೂ ಹೊರಟರು. ಯಾವಾಗಲೂ ಫೋಂಡಾದ ಮೇಲೆ ಮೊಲೆಮ್ ಹಿಡಿದು ಘಟ್ಟ ಹತ್ತುವುದು ರೂಢಿ. ಆದರೆ ಮುಂದಾಳು ಭೀಮಶಿ, "ಈ ಸರ್ತಿ ಕುಂಕಳ್ಳಿ ಮ್ಯಾಲೆ ಹೋಗೂಣು. ಅಲ್ಲಿ ನಮ್ಮ ಮಂದಿ ಐತಿ, ಶುಕ್ರವಾರ ಒಂದಿನ ಕಾಲಿಗೆ ಆರಾಮ ಕೊಡೂಣು" ಎಂದ. ಸುತ್ತು ಹಾದಿ ಎಂದು ಒಂದಿಬ್ಬರು ಗೊಣಗಿದರು. ಸಾವಂತ್ರೆವ್ವ ಓರೆಗಣ್ಣಲ್ಲಿ ಗಂಡನನ್ನು ನೋಡಿದಳು. ಅವನು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಇವನಿಗೆ ಏನೂ ಹೊಳೆದಿಲ್ಲ, ಎಲ್ಲಮ್ಮ ತಾಯೇ ದಾರಿ ಮಾಡಿದಳು ಎಂದುಕೊಂಡಳು.

ಕುಂಕಳ್ಳಿ ಮುಟ್ಟುವಷ್ಟರಲ್ಲಿ ಡಾಂಬರಿನ ಕಾವಿಗೆ ಅವಳ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. ಶುಕ್ರವಾರ ಎಲ್ಲರೂ ಕಾಲು ಚಾಚಿ ಮಲಗಿದರೆ ಇವಳು ಮಾತ್ರ ಪಡಲಗಿಗೆ, ಅಂದರೆ ತಾಯಿಯ ಬಿದಿರ ಬುಟ್ಟಿಗೆ, ಕೈ ಹಾಕಿದಳು. ಆರಾಮದ ದಿನ ಒಬ್ಬ ಹೆಂಗಸು ಐದು ಮನೆ ಜೋಗ ಬೇಡಿ ಬರಬೇಕು, ಬಂದ ಅಕ್ಕಿಯನ್ನು ಕೂಡಿಸಿ ಬೇಯಿಸಿ ಎಲ್ಲರೂ ಉಣ್ಣಬೇಕು. ಸಾಲಿನ ಮನೆ ಬಿಟ್ಟು ಹೋಗಬಾರದು, ಜಾತಿ ಕೇಳಬಾರದು, ಹೊಸ್ತಿಲು ದಾಟಬಾರದು. ಬುಟ್ಟಿ ಇಳಿಸುವ ತನಕ ಬಾಯಲ್ಲಿ "ಉಧೋ" ಬಿಟ್ಟು ಬೇರೆ ಮಾತು ಬರಬಾರದು.

"ಕಾಲ ನೋಡ್ಕೋ. ಬ್ಯಾರೆದವ್ರು ಹೋಗ್ತಾರ ಬಿಡು" ಎಂದ ಬಾಲಪ್ಪ.

"ಅದೆಲ್ಲಾ ಆಗೂದಿಲ್ರಿ, ಹರಕಿ ನಂದು" ಎಂದಳು.

"ಹಂಗಾರ ನಾ ಪ್ಯಾಟ್ಯಾಗ ನಿನ್ನ ಕಾಲಿಗೆ ಮುಲಾಮು ತರ್ತೇನಿ" ಎಂದು ಅವನೂ ಎದ್ದು ಹೋದ.

ಎಂಥ ಚಾಲಾಕಿ ನೋಡಿ ಹೆಂಗಸಿನದು! ಮಗಳದು ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಚಾಳು, ಕಡೆಯ ಮನೆ, ಬಾಗಿಲಿಗೆ ನೀಲಿ ಬಣ್ಣ ಎಂದು ಅಲ್ಲಿಯ ಮಂದಿಯನ್ನು ಮೊದಲೇ ವಿಚಾರಿಸಿಕೊಂಡಿದ್ದಳು. ಆ ಮನೆ ಐದನೆಯದಾಗುವಂತೆ ಹಿಂದಿನಿಂದ ಎಣಿಸಿ ಬೇಡಲು ಶುರುಮಾಡಿದಳು. ಹೊಸ್ತಿಲು ತುಳಿಯಬೇಡ ಎಂದ ಗಂಡನ ಆಣೆಯೂ ಉಳಿಯಿತು, ಮಗಳ ಬಾಗಿಲೂ ಸಿಕ್ಕಿತು.

"ಉಧೋ ಉಧೋ!"

ಬಾಗಿಲು ತೆರೆದವಳು ಚಮನಬಿ. ಸಾವಂತ್ರೆವ್ವನ ಕಣ್ಣು ಅವಳ ಭುಜದಾಚೆ ಮನೆಯೊಳಗೆಲ್ಲ ಓಡಾಡಿತು. ಕೇಳಬೇಕಾದ್ದು ಬಾಯಿ ತುಂಬ ಇತ್ತು. ಓಣಿ ನಡುಗಿಸುವ ಆ ಬಾಯಿ ಇವತ್ತೇ ಕಟ್ಟಿತ್ತು.

ಚಮನಬಿಗೆ ಜೋಗದ ರೀತಿ ಗೊತ್ತಿಲ್ಲದ್ದೇನಲ್ಲ. ಅವಳು ಸೆರಗು ಸರಿಮಾಡಿಕೊಂಡು, ಸಾವಂತ್ರೆವ್ವನ ಮುಖ ಬಿಟ್ಟು ಬುಟ್ಟಿಯನ್ನು ನೋಡುತ್ತ ಮಾತಾಡಿದಳು.

"ಯವ್ವಾ ತಾಯಿ, ಬಂದೀ? ಬಾಗಿಲಿಗೆ ಬಂದ ಜೋಗ ನಾವು ಎಂದೂ ಬರಿಗೈಲೆ ಕಳಿಸಿಲ್ಲ. ನಮ್ಮ ಸೊಸಿ ಪಾಳಿಗೆ ಹೋಗ್ಯಾಳ, ಸಂಜಿಕ ಬರ್ತಾಳ. ಆರಾಮ ಅದಾಳ. ಮಗ ಆಕಿನ್ನ ಚಲೋ ನೋಡ್ಕೋತಾನ. ಬಾಣಂತಿ ಇದ್ದಾಗ ಭಾಳ ಅತ್ಲು, ಅವ್ವ ಬೇಕಂತ. ನಾನs ಎಣ್ಣಿ ಹಚ್ಚಿ ಎರದ್ನಿ. ನಿನಗ ಗೊತ್ತಿರಲಿ ಅಂತ ಹೇಳಾಕತ್ತೇನಿ ತಾಯಿ."

ಆಮೇಲೆ ಒಳಗೆ ತಿರುಗಿ ಕೂಗಿದಳು. "ಆರ್ಜೂ, ಅಕ್ಕಿ ತಗೊಂಬಾ."

ಕೂಸು ಎರಡೂ ಮುಷ್ಟಿಯಲ್ಲಿ ಅಕ್ಕಿ ಹಿಡಿದು, ದಾರಿಯುದ್ದಕ್ಕೂ ಚೆಲ್ಲುತ್ತ ಬಂದಿತು. ಬುಟ್ಟಿಗೆ ಬಿದ್ದದ್ದು ನಾಲ್ಕು ಕಾಳು. ಚಮನಬಿ ಮೊಮ್ಮಗಳನ್ನು ಎತ್ತಿ ಮುಂದೆ ಹಿಡಿದಳು. "ಭಂಡಾರ ಹಚ್ಚವ್ವ. ಕೂಸಿಗೆ ಚಲೋ ಆಗ್ಲಿ." ಸಾವಂತ್ರೆವ್ವ ಆ ಹಣೆಗೆ ಅರಿಸಿನ ಹಚ್ಚಿದಳು. ಹಚ್ಚುವುದು ಒಂದು ಸಲ. ಅವಳು ಮೂರು ಸಲ ಹಚ್ಚಿದಳು. ಸಂಜೆಯ ತನಕ ಅಲ್ಲೇ ಬಿದ್ದುಕೊಂಡಿರಬೇಕು ಅನ್ನಿಸಿತು. ಆದರೆ ಬುಟ್ಟಿ ಹೊತ್ತವಳು ಕೂರುವ ಹಾಗಿಲ್ಲ. "ಉಧೋ" ಎಂದು ಬುಟ್ಟಿಗೆ ಸೆರಗು ಮುಚ್ಚಿ ತಿರುಗಿದಳು.

ಬಾಲಪ್ಪ ದೀಪ ಹಚ್ಚುವ ಹೊತ್ತಿಗೆ ಬಂದ, ಬರಿಗೈಯಲ್ಲಿ.

"ಮುಲಾಮು ಎಲ್ಲೈತ್ರಿ?"

"ಮರತ್ನಿ."

ಬಾಯಿ ಬಿಚ್ಚಿದ್ದೇ ತಡ, ಇಡೀ ದಿನ ಕಟ್ಟಿಟ್ಟದ್ದನ್ನೆಲ್ಲ ಅವಳು ಅವನ ಮೇಲೆ ಸುರಿದಳು. ಮುಂಜಾನೆ ಹೋದವರು ಸಂಜೆಗೆ ಬರುತ್ತೀರಿ, ಹೆಂಡತಿಯ ಕಾಲು ಕೊಳೆತು ಬೀಳಲಿ ಅಂತೀರೇನು ಎಂದು ಬೈದಳು. ಅವನು ಕಾಲು ತೊಳೆದು ಬಂದು ಊಟದ ಪಂಕ್ತಿಯ ತುದಿಗೆ ಕೂತ. ಅವಳು ಜೋಗದ ಅನ್ನ ಬಡಿಸುತ್ತಾ ಬಂದಳು. ಅವನ ತಟ್ಟೆಗೆ ಹಾಕುವಾಗ ಕೈ ಹಿಂಜರಿಯಿತು, ಆದರೂ ಹಾಕಿದಳು. ಅವನು ಎರಡು ತುತ್ತು ಉಂಡು ತಲೆ ತಗ್ಗಿಸಿಕೊಂಡೇ ಕೇಳಿದ.

"ಐದನೇ ಮನ್ಯಾಗ ಕೂಸು ಹ್ಯಾಂಗೈತಿ?"

ಸಾವಂತ್ರೆವ್ವನ ಕೈಯ ಸವಟು ಅಲ್ಲೇ ನಿಂತಿತು. "ನಿಮಗ್ಯಾರ ಹೇಳಿದ್ರು?"

"ಈ ಹಾದಿ ಹಿಡಿ ಅಂತ ಭೀಮಶಿಗೆ ಕೈಮುಗದು ಹೇಳಿದಾಂವ ನಾನs. ಮತ್ತ ಯಾರಂತ ತಿಳದಿ? ನೀ ಹರಕಿ ಅಂದಾಗs ತಿಳೀತು, ಕಡೀ ಜೋಗ ಆ ಮನ್ಯಾಗs ಅಂತ." ಅವನು ಅನ್ನವನ್ನು ಕಲಸುತ್ತಲೇ ಇದ್ದ. "ಫ್ಯಾಕ್ಟರಿ ಗೇಟಿನ ಮುಂದ ನಿಂತಿದ್ನಿ. ಪಾಳಿ ಬಿಡ್ತು. ನನ್ನ ಮುಂದs ಹಾದು ಹೋದ್ಳು. ಭಾಳ ಸೊರಗಿ ಬಡವಾಗ್ಯಾಳ."

"ಕರೀಲಿಲ್ಲೇನ್ರಿ?"

"ಬಾಯಿ ಬರಲಿಲ್ಲ."

ಬೈಗುಳ ಎಲ್ಲ ಎಲ್ಲಿ ಹೋದವೋ. ಅವಳು ಅವನ ಪಕ್ಕದಲ್ಲೇ ಕೂತಳು. ನೆಲದಿಂದ ಮೇಲೆ ಅಂಗೈ ಹಿಡಿದು ಕೂಸಿನ ಎತ್ತರ ತೋರಿಸಿದಳು. "ಇಷ್ಟ್ ಅದಾಳ. ಆರ್ಜೂ ಅಂತ ಹೆಸರು. ಮೂಗು ನಿಮ್ದs." ಹೇಳದೆ ಇರಲಾರದೆ ಹೇಳಿಬಿಟ್ಟಳು. "ಇದ್ರಾಗ ಆ ಮನಿ ಅಕ್ಕೀನೂ ಐತ್ರಿ. ಕೂಸು ತನ್ನ ಕೈಲೆ ಹಾಕಿದ್ದು."

ಬಾಲಪ್ಪ ತಟ್ಟೆಯನ್ನು ನೋಡಿದ. ಕಣ್ಣೊರೆಸಿಕೊಳ್ಳಲಿಲ್ಲ. ತಟ್ಟೆಯನ್ನು ಅವಳ ಮುಂದೆ ಚಾಚಿದ.

"ಇನ್ನೊಂದೀಟ ಹಾಕು" ಎಂದ.