ಪಕಾರ ಮತ್ತು ಮೂಳೆ ವಾರ್ಡು

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಈಗ ವಾಕರ್ ಹಿಡಿದು ಅಂಗಳದಲ್ಲಿ ನಡೆಯಲು ಕಲಿಯುತ್ತಿದ್ದಾರೆ. ಟಕ್, ಒಂದು ಕಾಲು, ಇನ್ನೊಂದು ಕಾಲು, ಮತ್ತೆ ಟಕ್. ರಜೆಯ ದಿನ ಕಾಫಿ ಹಿಡಿದು ಕುಳಿತವಳಿಗೆ ಆ ಸದ್ದು ಕೇಳಿದರೆ ನಗು ಬಂದುಬಿಡುತ್ತದೆ. ಮೇಷ್ಟ್ರು ನೋಡಿದರೆ ನೊಂದುಕೊಂಡಾರು ಎಂದು ದುಪಟ್ಟಾ ಬಾಯಿಗೆ ಅಡ್ಡ ಹಿಡಿಯುತ್ತೇನೆ. ನೀವೂ ತಪ್ಪು ತಿಳಿಯಬೇಡಿ, ಬಿದ್ದವರನ್ನು ನೋಡಿ ನಗುವ ನರ್ಸ್ ನಾನಲ್ಲ. ನಗು ಬರುವುದು ನನ್ನ ಮೇಲೆಯೇ. ಅದು ಯಾಕೆಂದು ಹೇಳಬೇಕಾದರೆ ಮೊದಲು ನನ್ನ ನಾಲಿಗೆಯ ಸಂಗತಿ ಹೇಳಬೇಕು.

ನನಗೆ ಚಿಕ್ಕಂದಿನಿಂದ ಉಗ್ಗು. ಎಲ್ಲ ಅಕ್ಷರಕ್ಕೂ ಅಲ್ಲ, ಮುಖ್ಯವಾಗಿ ‘ಪ’ಕ್ಕೆ. ಉಳಿದ ಅಕ್ಷರಗಳು ಕರೆದಾಗ ಬರುತ್ತವೆ. ‘ಪ’ ಮಾತ್ರ ಒಳಗಿನಿಂದ ಚಿಲಕ ಹಾಕಿಕೊಂಡು ಕೂರುತ್ತದೆ. ಇಂಥವಳು ಆರಿಸಿಕೊಂಡ ಕಸುಬು ನೋಡಿ: ಪೇಷೆಂಟ್, ಪಲ್ಸ್, ಪ್ಲಾಸ್ಟರ್, ಪ್ಯಾರಾಸಿಟಮಾಲ್. ಬಬ್ಬೂರಿನ ನಮ್ಮ ಮನೆಯಲ್ಲಿ ಯಾರಿಗೂ ಇದು ಮೊದಲೇ ಹೊಳೆಯಲಿಲ್ಲ. ನನಗೂ ಹೊಳೆದದ್ದು ಕಾಲೇಜಿನ ಮೊದಲ ಪಾಠದ ದಿನ. ನಾಲ್ಕು ವರ್ಷ ಹೇಗೋ ದಾಟಿದೆ. ‘ಪೇಷೆಂಟ್’ ಎನ್ನಲಾಗದ್ದಕ್ಕೆ ಎಲ್ಲರನ್ನೂ ಅಜ್ಜಿ, ಅಕ್ಕ, ಮಾವ ಎನ್ನುತ್ತಿದ್ದೆ. ಎಷ್ಟು ಅಂತಃಕರಣದ ಹುಡುಗಿ ಎಂದು ಹೆಸರಾಯಿತು. ಮೌಖಿಕ ಪರೀಕ್ಷೆಯಲ್ಲಿ ನಾನು ಅಕ್ಷರಕ್ಕಾಗಿ ಒದ್ದಾಡುತ್ತಿದ್ದರೆ, ಪರೀಕ್ಷಕರು ನಾನು ಆಳವಾಗಿ ಯೋಚಿಸುತ್ತಿದ್ದೇನೆಂದು ತಿಳಿದು ಮೆಚ್ಚಿದರು.

ಪಾಸಾದ ಮೇಲೆ ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮೊದಲ ದಿನವೇ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ನನ್ನನ್ನು ಕೂರಿಸಿಕೊಂಡು, “ಯಾವ ವಾರ್ಡ್ ಬೇಕವ್ವ ನಿಂಗೆ?” ಎಂದು ಕೇಳಿದರು. ಮದುವೆಯ ಊಟದಲ್ಲಿ ಇನ್ನೊಂದು ಹೋಳಿಗೆ ಬೇಕೆ ಎಂದು ಕೇಳಿದಷ್ಟು ಸಲೀಸಾಗಿ ಕೇಳಿದರು.

“ಐಸಿಯು,” ಎಂದೆ ತಕ್ಷಣ.

“ಅಬ್ಬಾ, ಧೈರ್ಯಸ್ಥೆ!” ಎಂದರು.

ಧೈರ್ಯವೆಲ್ಲಿ ಬಂತು! ಐಸಿಯುನಲ್ಲಿ ಮಲಗಿದವರು ಮಾತಾಡುವುದಿಲ್ಲ. ಯಂತ್ರಗಳು ತಮ್ಮ ಪಾಡಿಗೆ ಸದ್ದು ಮಾಡುತ್ತವೆ. ನಾನೂ ಬಾಯಿ ಮುಚ್ಚಿಕೊಂಡು ಇರಬಹುದು ಎಂಬುದು ನನ್ನ ಲೆಕ್ಕಾಚಾರ. ಆದರೆ ಆಸ್ಪತ್ರೆಯಲ್ಲಿ ಅತಿ ಹೆಚ್ಚು ಮಾತು ಬೇಕಾಗುವ ಜಾಗವೇ ಅದು. ಡಾಕ್ಟರು ಹೇಳಿದ ಔಷಧಿಯನ್ನು ತಿರುಗಿ ಗಟ್ಟಿಯಾಗಿ ಹೇಳಬೇಕು, ಏನಾದರೂ ಏರುಪೇರಾದರೆ ಕೂಗಬೇಕು. ಐದನೆಯ ದಿನ ಮಧ್ಯಾಹ್ನ ಒಬ್ಬರ ನಾಡಿಬಡಿತ ಇಳಿಯತೊಡಗಿತು. ಫೋನು ಎತ್ತಿದೆ. “ಸಾರ್, ಎರಡನೇ ಬೆಡ್, ಪ… ಪ… ಪ…” ಅಷ್ಟೇ. ಹಿರಿಯ ನರ್ಸ್ ವನಜಕ್ಕ ಬಂದು ಫೋನು ಕಸಿದುಕೊಂಡು ಮೂರೇ ಮಾತಿನಲ್ಲಿ ಹೇಳಿದರು. ಡಾಕ್ಟರು ಓಡಿಬಂದರು. ಸಂಜೆಗೆ ಆ ಮನುಷ್ಯ ಚೇತರಿಸಿಕೊಂಡು ಕಣ್ಣುಬಿಟ್ಟು ಕಾಫಿ ಕೇಳಿದ. ವನಜಕ್ಕ ನನ್ನನ್ನು ಬೈಯಲಿಲ್ಲ. “ಇರ್ಲಿ ಬಿಡವ್ವ,” ಎಂದರು. ಬೈದಿದ್ದರೇ ವಾಸಿಯಿತ್ತು.

ಮರುದಿನ ಬೆಳಿಗ್ಗೆ ಮೇಡಂ ಎದುರು ನಿಂತು, ಕೆಲಸ ಬಿಡುತ್ತೇನೆ ಎಂದೆ. ಉಗ್ಗಿನ ಕತೆಯನ್ನು ಉಗ್ಗುತ್ತಲೇ ಹೇಳಿದೆ. ಮುಗಿಯಲು ಬಹಳ ಹೊತ್ತು ಹಿಡಿಯಿತು. ಅವರು ನಡುವೆ ಬಾಯಿ ಹಾಕಲಿಲ್ಲ.

“ಉಗ್ಗು ಇದ್ರೇನು, ಐಸಿಯು ಕೆಲಸಾನೂ ಕಲೀಬಹುದು,” ಎಂದರು. “ಆದ್ರೆ ನೀನು ವಾರ್ಡ್ ಆರಿಸಲಿಲ್ಲ ಕಣವ್ವ, ಬಚ್ಚಿಟ್ಕಳಾಕೆ ಜಾಗ ಹುಡುಕಿದೆ. ಹದಿನೈದು ದಿನ ಹೆಂಗಸರ ಮೂಳೆ ವಾರ್ಡಿಗೆ ಹೋಗು. ಆಮೇಲೆ ನಿನ್ನಿಷ್ಟ.”

ಮೂಳೆ ವಾರ್ಡು ನಾನು ಕನಸಿನಲ್ಲೂ ಬಯಸಿದ್ದಲ್ಲ. ಅಲ್ಲಿದ್ದವರು ಮಲಗಿರುತ್ತಿದ್ದರು ನಿಜ. ಆದರೆ ಮುರಿದದ್ದು ಕೈಕಾಲು, ಬಾಯಿ ಸರಿಯಾಗಿತ್ತು. ಬೆಳಗಿನಿಂದ ಸಂಜೆಯತನಕ ಮಾತೇ ಮಾತು. ಕಿಟಕಿಯಿಂದ ದೂರದ ಮೂಲೆಯ ಮಂಚದಲ್ಲಿ ಹೊರಕೆರೆದೇವಪುರದ ಪಾರ್ವತಮ್ಮ ಇದ್ದರು. ನನ್ನ ಅದೃಷ್ಟ, ಹೆಸರಿನಲ್ಲೂ ‘ಪ’. ಎಪ್ಪತ್ತು ದಾಟಿದವರು, ಕಿವಿ ಮಂದ. ಸೊಂಟದ ಮೂಳೆಗೆ ಆಪರೇಷನ್ ಆಗಿತ್ತು. ನಡೆಸಬಹುದು ಎಂದು ಡಾಕ್ಟರು ಹೇಳಿದ್ದರೂ ಎರಡು ದಿನದಿಂದ ಎದ್ದು ನಿಲ್ಲುವುದು, ಅಳುವುದು, ಕೂರುವುದು, ಇಷ್ಟೇ ನಡೆದಿತ್ತು. ‘ಕಾಲು’ ಎಂದರೆ ಸಾಕು, “ಕಾಲು ಹೋತಲ್ಲವ್ವ ನಂದು!” ಎಂದು ಗೋಳಾಡುವರು.

ಮೂರನೆಯ ದಿನ ಅವರನ್ನು ನಡೆಸುವ ಸರದಿ ನನ್ನದು. ಒಂದು ಬದಿಗೆ ವಾರ್ಡಿನ ಮುಖ್ಯ ನರ್ಸ್, ಇನ್ನೊಂದು ಬದಿಗೆ ನಾನು. ಅಜ್ಜಿ ವಾಕರ್ ಹಿಡಿದು ನಡುಗುತ್ತ ನಿಂತರು. ಕಾಲು ಎನ್ನುವಂತಿಲ್ಲ. ‘ಹೆಜ್ಜೆ’ ಎಂಬ ಸುಲಭದ ಮಾತು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಅವರ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ, “ಪಾದ ಎತ್ತಿಡ್ರಿ ಅಜ್ಜಿ,” ಎನ್ನಲು ಹೊರಟೆ.

“ಪಾ…”

ಅಜ್ಜಿ ಒಂದು ಹೆಜ್ಜೆ ಇಟ್ಟರು.

“ಪಾ…”

ಇನ್ನೊಂದು.

“ಪಾ… ಪಾ…”

ವಾಕರ್ ಟಕ್ ಎಂದಿತು, ಮತ್ತೆರಡು ಹೆಜ್ಜೆ. ನನ್ನ ಮುಖ ಕೆಂಪಾಗಿತ್ತು, ಕಿವಿ ಸುಡುತ್ತಿತ್ತು. ಅಜ್ಜಿ ಮಾತ್ರ ಗಂಭೀರವಾಗಿ ಕಿಟಕಿಯತನಕ ನಡೆದುಬಿಟ್ಟರು. ಅಷ್ಟರಲ್ಲಿ ನನಗೆ ‘ದ’ ಸಿಕ್ಕಿ ಮಾತು ಮುಗಿಯಿತು. ಅಜ್ಜಿ ತಟ್ಟನೆ ನಿಂತು ನನ್ನತ್ತ ತಿರುಗಿದರು.

“ಯಾಕವ್ವ ನಿಲ್ಲಿಸ್ದೆ? ಹೇಳು ಹೇಳು, ತಾಳ ತಪ್ತೈತೆ!”

ವಾರ್ಡಿಗೆ ವಾರ್ಡೇ ನಕ್ಕಿತು. ವಾಪಸ್ಸು ಮಂಚಕ್ಕೆ ಹೋಗಬೇಕಲ್ಲ, ಸರಿ, ಬೇಕೆಂದೇ ಉಗ್ಗೋಣ ಎಂದು ಬಾಯಿ ತೆರೆದರೆ ಹಾಳು ನಾಲಿಗೆ, “ಪಾದ ಎತ್ತಿಡ್ರಿ” ಎಂದು ಸ್ವಚ್ಛವಾಗಿ ಹೇಳಿಬಿಟ್ಟಿತು! “ಹಂಗಲ್ಲ, ಮೊದ್ಲಿನಂಗೆ ಹೇಳು,” ಎಂದು ಅಜ್ಜಿ ಗದರಿದರು. ಇಪ್ಪತ್ತೆರಡು ವರ್ಷದಲ್ಲಿ, ಸರಿಯಾಗಿ ಮಾತಾಡಿದ್ದಕ್ಕೆ ನಾನು ಬೈಸಿಕೊಂಡದ್ದು ಅದೇ ಮೊದಲು. ನಗುನಗುತ್ತ “ಪಾ, ಪಾ” ಎಂದು ಬರೀ ತಾಳ ಹಾಕಿಯೇ ಅವರನ್ನು ಮಂಚ ಮುಟ್ಟಿಸಿದೆ. ಹೊಳಲ್ಕೆರೆಯ ಹೆಂಗಸೊಬ್ಬರು ಪ್ಲಾಸ್ಟರಿನ ಕಾಲು ಚಾಚಿಕೊಂಡೇ, “ನಾಳೆ ನಂಗೂ ಹಂಗೇ ಹೇಳ್ರಿ ಸಿಸ್ಟರ್,” ಎಂದರು.

ಹದಿನೈದು ದಿನ ಕಾಯಲಿಲ್ಲ. ಅಂದೇ ಸಂಜೆ ಮೇಡಂ ಬಳಿ ಹೋಗಿ, ಮೂಳೆ ವಾರ್ಡೇ ಇರಲಿ ಎಂದೆ. ಯಾಕೆ ಎಂದು ಕೇಳಿದರು. “ಅಲ್ಲಿ ಯಾರಿಗೂ ಅವಸರ ಇಲ್ಲ ಮೇಡಂ,” ಎಂದೆ. ಮುರಿದ ಮೂಳೆ ಕೂಡಿಕೊಳ್ಳುವಷ್ಟು ಹೊತ್ತಿನಲ್ಲಿ ನನ್ನ ಯಾವ ವಾಕ್ಯವಾದರೂ ಮುಗಿದೇ ಮುಗಿಯುತ್ತದೆ.

ಪಾರ್ವತಮ್ಮ ಮನೆಗೆ ಹೊರಟ ದಿನ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. “ಮೊದಲ್ನೇ ದಿನ ನಂಗೆ ಗೊತ್ತಾಗ್ಲಿಲ್ಲ ಕಣವ್ವ. ಮಾರನೇ ದಿನ ಗೊತ್ತಾತು. ಅಷ್ಟೊತ್ತಿಗೆ ಕಾಲು ಅದಕ್ಕೇ ಒಗ್ಗಿಬಿಟ್ಟಿತ್ತು, ಏನ್ಮಾಡಾಣ?” ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ.

ಅದೇ ವಾರ್ಡಿನಲ್ಲಿ ವರ್ಷಗಳೇ ಕಳೆದವು. ಇದನ್ನೆಲ್ಲ ನೆನೆಯುತ್ತ ಕುಳಿತಿದ್ದಾಗಲೇ, ಇವತ್ತು ಹೊಸದುರ್ಗದ ಒಂದು ನರ್ಸಿಂಗ್ ಕಾಲೇಜಿನಿಂದ ಫೋನು ಬಂತು. ಈ ವರ್ಷ ಪಾಸಾದವರಿಗೆ ಮೊದಲ ವಾರ್ಡನ್ನು ಹೇಗೆ ಆರಿಸಿಕೊಳ್ಳಬೇಕೆಂದು ನಾನು ಹೇಳಬೇಕಂತೆ. ವೇದಿಕೆ, ಮೈಕು, ಇನ್ನೂರು ಜನ. ಹಿಂದೆ ಎರಡು ಸಲ ಡ್ಯೂಟಿಯ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಇವತ್ತೂ ನೆಪ ನಾಲಿಗೆಯ ತುದಿಗೇ ಬಂದಿತ್ತು. ಅದಕ್ಕೆ ಯಾವ ತೊದಲೂ ಇರಲಿಲ್ಲ.

“ಬರ್ತೀನಿ,” ಎಂದೆ.

“ಎಷ್ಟೊತ್ತು ಮಾತಾಡ್ತೀರಿ ಮೇಡಂ? ಅರ್ಧ ಗಂಟೆ ಸಾಕಾಗ್ತೈತಾ?”

“ಮಾತು ಅರ್ಧ ಗಂಟೇದೇ,” ಎಂದೆ. “ನೀವು ಒಂದು ಗಂಟೆ ಇಟ್ಕಳ್ರಿ.”